ಕಾರು ಕುಡಿದ ಎಣ್ಣೆಯ ಲೆಕ್ಕ

ಮೋಟಾರು ಕಾರನ್ನು ಕೊಳ್ಳಹೋದ ಗೃಹಸ್ಥನು ಅದರ ಬಣ್ಣವನ್ನೂ ಬೆಲೆಯನ್ನೂ ಲೀಟರಿಗೆ ಎಷ್ಟು ಕಿಲೋಮೀಟರ್ ಓಡುವುದೆಂಬುದನ್ನೂ ಚೆನ್ನಾಗಿ ವಿಚಾರಿಸುವನು. ಎಂಜಿನ್ನಿನೊಳಗಣ ಎಣ್ಣೆಯ ಸಂಗತಿಯನ್ನು ಕೇಳುವವರು ತೀರ ವಿರಳ. ನಮ್ಮ ಹಿರಿಯರು ಹಾಗಿರಲಿಲ್ಲ. ಕೊಟ್ಟೂರಿನ ತೇರಿಗಾಗಲಿ ಮೈಲಾರದ ಜಾತ್ರೆಗಾಗಲಿ ಬಂಡಿ ಕಟ್ಟುವುದಕ್ಕೆ ಮೊದಲು ಗಾಲಿಯನ್ನು ಕಳಚಿ ಅಚ್ಚಿಗೆ ಕೀಲೆಣ್ಣೆ ಸವರದೆ ಎತ್ತಿನ ಕೊರಳಿಗೆ ನೊಗವಿಡುತ್ತಿರಲಿಲ್ಲ. ಸಂಸ್ಕೃತದಲ್ಲಿ ಎಣ್ಣೆಗೆ ಸ್ನೇಹವೆಂದು ಹೆಸರು. ಪ್ರೀತಿಗೂ ಅದೇ ಹೆಸರು. ಒಂದನ್ನೊಂದು ಉಜ್ಜುವ ಎರಡರ ನಡುವೆ ನಿಂತು ಎರಡೂ ಸವೆಯದಂತೆ ಕಾಯುವುದು ಇಬ್ಬಗೆಯ ಸ್ನೇಹಕ್ಕೂ ಲಕ್ಷಣವಾಗಿದೆ. ಕಾರಿನ ಒಡಲೊಳಗಿನ ಈ ಸ್ನೇಹವು ಕಾಲಕ್ಕೆ ಮುಂಚೆ ಕ್ಷಯಿಸತೊಡಗಿದರೆ, ಮತ್ತು ಕಾರು ಇನ್ನೂ ವಾರಂಟಿಯ ಅವಧಿಯೊಳಗೇ ಇದ್ದರೆ, ಗೃಹಸ್ಥನು ಏನು ಮಾಡತಕ್ಕದ್ದೆಂಬುದೇ ಈ ಲೇಖನದ ವಿಷಯವು.

ನಮ್ಮ ಸೀಮೆಯವರಿಗೆ ಇದರಲ್ಲಿ ಒಂದು ತೊಡಕು ಹೆಚ್ಚಾಗಿಯೇ ಉಂಟು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು ೨೦೨೧ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿರುವುವು. ಹೊಸ ಕಾರಿಗಾಗಲಿ ಅದರ ದೊಡ್ಡ ರಿಪೇರಿಗಾಗಲಿ ನಮ್ಮವರು ಹೊಸಪೇಟೆಗೋ ಬಳ್ಳಾರಿಗೋ ದಾವಣಗೆರೆಗೋ ಹೋಗುವುದು ರೂಢಿ. ಒಮ್ಮೆ ಹೋದರೆ ಒಂದು ದಿನದ ರಜೆ ಕರಗುವುದು. ಆದುದರಿಂದಲೇ "ಎಣ್ಣೆ ಕಡಿಮೆಯಾದರೆ ಒಂದು ಡಬ್ಬಿ ತಂದು ಹೊಯ್ದರಾಯಿತು" ಎಂದು ಅನೇಕರು ಸುಮ್ಮನಾಗುವರು. ಹೀಗೆ ಹೊಯ್ಯುತ್ತಿರುವಾಗಲೇ ವಾರಂಟಿಯ ಕಾಲವು ಸದ್ದಿಲ್ಲದೆ ಕಳೆದುಹೋಗುವುದು.

ನನ್ನ ತಮ್ಮನ ಮಗಳು ಹರಪನಹಳ್ಳಿಯ ಕಾಲೇಜಿನಲ್ಲಿ ಉಪನ್ಯಾಸಕಿ, ವಾಸವು ಕೂಡ್ಲಿಗಿಯಲ್ಲಿ. ಕೊಟ್ಟೂರಿನ ಮೇಲೆ ಹೋಗಿಬರುವುದಕ್ಕೆ ದಿನಕ್ಕೆ ನೂರು ಕಿಲೋಮೀಟರಿನ ಹತ್ತಿರ ಹತ್ತಿರ ಆಗುವುದು. ಬ್ಯಾಂಕಿನ ಸಾಲ ಮಾಡಿ ಕೊಂಡ ಪೆಟ್ರೋಲ್ ಕಾರು. ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ. ಎರಡು ವರ್ಷ ಏಳು ತಿಂಗಳು ಕಳೆದು ೬೪,೦೦೦ ಕಿಲೋಮೀಟರ್ ಓಡಿದ್ದಾಗ ಕೊಟ್ಟೂರಿನ ಹತ್ತಿರ ಒಂದು ತಿರುವಿನಲ್ಲಿ ಎಣ್ಣೆಯ ಕೆಂಪು ದೀಪವು ಮಿನುಗಿ ಆರಿತು. ಆಕೆ ಕೂಡಲೆ ಕಾರನ್ನು ಪಕ್ಕಕ್ಕೆ ತೆಗೆದು ಎಂಜಿನ್ ನಿಲ್ಲಿಸಿದಳು. ಇದು ಬಹಳ ಸರಿಯಾದ ನಡತೆ. ಆ ದೀಪ ಬೆಳಗಿದ ಮೇಲೆ "ಊರು ಇನ್ನೇನು ಬಂತು" ಎಂದು ಓಡಿಸಿದವರ ಎಂಜಿನ್ನು ಊರು ಸೇರುವ ಮೊದಲೇ ಕೆಡಬಲ್ಲುದು. ಸ್ವಲ್ಪ ಹೊತ್ತು ಬಿಟ್ಟು ಕಡ್ಡಿಯನ್ನು ಎಳೆದು ನೋಡಿದರೆ ಅದರ ತುದಿಯಲ್ಲಿ ಎಣ್ಣೆಯ ಸೋಂಕೂ ಇರಲಿಲ್ಲ. ಎಣ್ಣೆ ಬದಲಿಸಿ ಕೇವಲ ೨,೮೦೦ ಕಿಲೋಮೀಟರ್ ಆಗಿದ್ದಿತು. ಮೂರೂವರೆ ಲೀಟರ್ ಹಿಡಿಯುವ ಎಂಜಿನ್ನಿಗೆ ಎರಡು ಲೀಟರಿಗಿಂತ ಮಿಗಿಲಾಗಿ ಹೊಯ್ದ ಮೇಲೆಯೇ ಮಟ್ಟವು ಕಡ್ಡಿಯ ಮೇಲಿನ ಗೀಟನ್ನು ಮುಟ್ಟಿತು.

ಡೀಲರನ ವರ್ಕ್‌ಶಾಪಿನಲ್ಲಿ ದೊರೆತ ಉತ್ತರವಿದು: "ಮೇಡಂ, ಇದೆಲ್ಲ ಸಹಜ. ಎಲ್ಲಾ ಗಾಡಿಗಳೂ ಸ್ವಲ್ಪ ಆಯಿಲ್ ಕುಡಿಯುತ್ತವೆ. ಬೇಕಾದರೆ ದಪ್ಪ ಆಯಿಲ್ ಹಾಕಿಕೊಡುತ್ತೇವೆ."

ವ್ಯಾಕರಣ ಹೇಳಿಕೊಟ್ಟು ಜೀವಮಾನ ಕಳೆದವನಿಗೆ ಈ ವಾಕ್ಯದ ಎರಡು ಶಬ್ದಗಳು ಕಿವಿಗೆ ಚುಚ್ಚಿದುವು. ಜೊತೆಯಲ್ಲಿಯೇ ಹುಟ್ಟಿದ್ದು ಸಹಜ. ಐವತ್ತು ಸಾವಿರ ಕಿಲೋಮೀಟರ್ ಇಲ್ಲದೆ ಇದ್ದು ಆಮೇಲೆ ಬಂದದ್ದನ್ನು ನಮ್ಮ ವೈದ್ಯರು ಆಗಂತುಕವೆನ್ನುವರೇ ಹೊರತು ಸಹಜವೆನ್ನರು. ಇನ್ನು 'ಸ್ವಲ್ಪ'ವೆಂಬುದಕ್ಕೆ ಅಳತೆಯೇ ಇಲ್ಲ. ಅಳತೆಯಿಲ್ಲದ ಮಾತಿನ ಮೇಲೆ ವಾದ ಮಾಡಿದರೆ ಗಂಟಲು ಒಣಗುವುದಲ್ಲದೆ ಬೇರೆ ಫಲವಿಲ್ಲ. ಆದರೆ ಆತನ ಮಾತು ಪೂರ್ತಿ ಸುಳ್ಳೂ ಅಲ್ಲ. ಎಣ್ಣೆಯನ್ನು ಎಳ್ಳಷ್ಟೂ ಸುಡದ ಎಂಜಿನ್ನೇ ಇಲ್ಲ. ಅದು ಹೇಗೆಂಬುದನ್ನು ತಿಳಿದರೆ ಎಲ್ಲಿಯವರೆಗೆ ಸಹಜ, ಎಲ್ಲಿಂದ ರೋಗ ಎಂಬುದೂ ತಿಳಿಯುವುದು.

ಎಂಜಿನ್ನಿನ ಕೊಳವೆಯಂತಹ ಸಿಲಿಂಡರಿನಲ್ಲಿ ಪಿಸ್ಟನ್ ಎಂಬ ಕೊಂತವು ಮೇಲಕ್ಕೂ ಕೆಳಕ್ಕೂ ಆಡುತ್ತಿರುವುದು. ಪಿಸ್ಟನ್ನಿನ ಸುತ್ತ ಸಾಧಾರಣವಾಗಿ ಮೂರು ರಿಂಗುಗಳಿರುವುವು. ಮೇಲಿನ ಎರಡು, ಉರಿದ ಅನಿಲವು ಕೆಳಗೆ ಸೋರದಂತೆ ತಡೆಯುವುವು. ಎರಡನೆಯದು ಎಣ್ಣೆಯನ್ನು ಒರಸುವುದರಲ್ಲಿಯೂ ಕೈಗೂಡಿಸುವುದು. ಮೂರನೆಯದಕ್ಕೆ ಎಣ್ಣೆಯ ರಿಂಗೆಂದೇ ಹೆಸರು. ಸಿಲಿಂಡರಿನ ಗೋಡೆಗೆ ಹತ್ತಿದ ಎಣ್ಣೆಯನ್ನು ತೆಳ್ಳನೆಯ ಪೊರೆಯಷ್ಟು ಮಾತ್ರ ಉಳಿಸಿ ಮಿಕ್ಕುದನ್ನು ಕೆರೆದು ಕೆಳಗಿಳಿಸುವುದು ಇದರ ಕೆಲಸ. ದೋಸೆಯ ಹಂಚಿನ ಮೇಲೆ ಅರ್ಧ ಈರುಳ್ಳಿಯಿಂದ ಎಣ್ಣೆ ಒರಸುವ ಗೃಹಿಣಿಗೆ ಈ ಯುಕ್ತಿಯನ್ನು ವಿವರಿಸಬೇಕಾದುದಿಲ್ಲ. ಉಳಿದ ಆ ಪೊರೆಯಲ್ಲಿ ಒಂದಿಷ್ಟು ಪೆಟ್ರೋಲಿನೊಡನೆ ಉರಿದುಹೋಗುವುದೇ ಸಹಜವಾದ ವ್ಯಯ. ರಿಂಗಿನ ಸಣ್ಣ ಕಂಡಿಗಳಲ್ಲಿ ಮಸಿ ಕಟ್ಟಿಕೊಂಡರೆ, ಇಲ್ಲವೆ ರಿಂಗು ತನ್ನ ತೋಡಿನಲ್ಲಿ ಅಂಟಿ ಕೂತರೆ, ಕೆರೆಯುವವರಿಲ್ಲದೆ ಎಣ್ಣೆಯು ಮೇಲಕ್ಕೇರಿ ಧಾರಾಳವಾಗಿ ಉರಿಯುವುದು. ಎಣ್ಣೆ ಕಳೆದುಹೋಗುವುದಕ್ಕೆ ಬೇರೆ ದಾರಿಗಳೂ ಉಂಟು. ವಾಲ್ವಿನ ಕಾಂಡಕ್ಕೆ ಹಾಕಿದ ರಬ್ಬರಿನ ಸೀಲು ಗಡುಸಾಗಿ ಮೇಲಿನಿಂದ ಇಳಿಯಬಹುದು. ಎಂಜಿನ್ನಿನ ಆವಿಯನ್ನು ಹಿಂದಿರುಗಿಸುವ ನಳಿಗೆಯ ಕವಾಟವು ಕೆಡಬಹುದು. ಟರ್ಬೋ ಇದ್ದ ಕಾರಿನಲ್ಲಿ ಅದರ ಸೀಲು ಸೋರಬಹುದು. ಇಲ್ಲವೆ ಸುಮ್ಮನೆ ಹೊರಕ್ಕೆ ತೊಟ್ಟಿಕ್ಕಬಹುದು. ಕಾರು ನಿಂತ ಜಾಗದಲ್ಲಿ ರಾತ್ರಿ ಒಂದು ರಟ್ಟನ್ನು ಹಾಸಿ ಬೆಳಗ್ಗೆ ನೋಡಿದರೆ ಕಡೆಯದು ಗೊತ್ತಾಗುವುದು. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಮಾತ್ರ ನೀಲಿ ಹೊಗೆ ಕಂಡರೆ ವಾಲ್ವಿನ ಸೀಲಿನ ಮೇಲೆಯೂ, ಏರಿನಲ್ಲಿ ವೇಗ ಹೆಚ್ಚಿಸಿದಾಗಲೆಲ್ಲ ಕಂಡರೆ ರಿಂಗಿನ ಮೇಲೆಯೂ ಅನುಮಾನ ಪಡಬಹುದು. ಈಗಿನ ಕಾರುಗಳ ಹೊಗೆಯನ್ನು ಶುದ್ಧಿಮಾಡುವ ಪೆಟ್ಟಿಗೆಯೊಂದು ನಳಿಗೆಯಲ್ಲಿರುವುದರಿಂದ ಬಹಳ ಎಣ್ಣೆ ಉರಿದರೂ ಹೊಗೆ ಕಾಣದೆ ಇರುವುದುಂಟು. ಸುಟ್ಟ ಎಣ್ಣೆಯಿಂದ ಆ ಬೆಲೆಬಾಳುವ ಪೆಟ್ಟಿಗೆಯೂ ಕ್ರಮೇಣ ಹಾಳಾಗುವುದು. ಆದಕಾರಣ ಎಣ್ಣೆ ಹೊಯ್ಯುತ್ತ ಕಾಲ ತಳ್ಳುವುದು ಎರಡು ಕಡೆಯಿಂದ ನಷ್ಟ.

ಸಹಜದ ಮೇರೆಯನ್ನು ಕಂಪನಿಗಳೇ ತಮ್ಮ ಕೈಪಿಡಿಗಳಲ್ಲಿ ಅನೇಕ ವೇಳೆ ಹೇಳಿರುವುವು. ಕೆಲವರು ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ಎನ್ನುವರು. ಕೆಲವರು ಒಂದು ಲೀಟರಿನವರೆಗೂ ಹೋಗುವರು. ಲೀಟರಿನ ಲೆಕ್ಕವು ನನಗೆ ಉದಾರತೆಯ ಪರಮಾವಧಿಯೆಂದೇ ತೋರುವುದು. ಆದರೂ ಅಂಕಿಯೊಂದು ಇದ್ದರೆ ಅಳೆಯುವುದಕ್ಕೆ ಆಸರೆಯಾಗುವುದು. ಈ ಕಾರಿನ ಕೈಪಿಡಿಯಲ್ಲಿ ಅರ್ಧ ಲೀಟರೆಂದು ಬರೆದಿದ್ದಿತು. ವರ್ಕ್‌ಶಾಪಿನವರು ಆ ಪುಟವನ್ನು ತೆರೆದಿರಲಿಲ್ಲ, ಹುಡುಗಿ ತೆರೆದಳು. ದಪ್ಪ ಎಣ್ಣೆಯ ಸಲಹೆಯನ್ನು ಆಕೆ ಒಪ್ಪಲಿಲ್ಲ. ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನು ಬಿಟ್ಟು ಬೇರೆ ಎಣ್ಣೆ ಹಾಕಿದರೆ ನಾಳೆ ವಾರಂಟಿ ನಿರಾಕರಿಸುವುದಕ್ಕೆ ಅದೇ ನೆವವಾಗಬಹುದಷ್ಟೆ.

ಮೊದಲನೆಯ ಪರೀಕ್ಷೆಯು ಒಂದು ಪ್ರಹಸನವಾಯಿತು. ಎಣ್ಣೆ ತುಂಬಿ, ಐನೂರು ಕಿಲೋಮೀಟರ್ ಓಡಿಸಿ ತರುವಂತೆ ಹೇಳಿದರು. ತಂದ ದಿನ, ಎಂಜಿನ್ ನಿಲ್ಲಿಸಿದ ಕ್ಷಣದಲ್ಲಿಯೇ, ಷೆಡ್ಡಿನ ಇಳಿಜಾರಿನಲ್ಲಿ ಕಾರು ಮುಂದಕ್ಕೆ ಬಾಗಿದ್ದಾಗಲೇ ಒಬ್ಬನು ಕಡ್ಡಿಯೆಳೆದು ನೋಡಿ "ಸರಿಯಿದೆ" ಎಂದು ಬರೆದುಬಿಟ್ಟನು. ಅದೇ ಬೆಳಗ್ಗೆ ಮನೆಯ ಮುಂದೆ ಸಮನೆಲದಲ್ಲಿ ತಣ್ಣಗಿದ್ದ ಎಂಜಿನ್ನಿನ ಕಡ್ಡಿಯನ್ನು ಆಕೆ ನೋಡಿ ಫೋಟೋ ತೆಗೆದುಕೊಂಡಿದ್ದಳು. ಮಟ್ಟವು ಎರಡು ಗೀಟುಗಳ ನಡುವೆ ಮೂರರಲ್ಲಿ ಒಂದು ಪಾಲು ಇಳಿದಿದ್ದಿತು. "ದೊಡ್ಡಪ್ಪಾ, ಕಡ್ಡಿ ಅವರ ಕೈಯಲ್ಲಿ ಒಂದು ಹೇಳುತ್ತದೆ, ನನ್ನ ಕೈಯಲ್ಲಿ ಒಂದು ಹೇಳುತ್ತದೆ" ಎಂದಳು. ಪ್ರತ್ಯಕ್ಷಪ್ರಮಾಣವೇ ಇಬ್ಬರಿಗೆ ಎರಡು ಬಗೆಯಾದಾಗ ತಕ್ಕಡಿಯನ್ನು ಕರೆಯಬೇಕಾಗುವುದು.

ಅಂದೇ ಕುಳಿತು ಇಬ್ಬರೂ ಕಾಗದ ಬರೆದೆವು. ಡೀಲರನಿಗೆ ಒಂದು, ಕಾರು ತಯಾರಿಸಿದ ಕಂಪನಿಗೆ ಒಂದು. ಎರಡೂ ಸ್ಪೀಡ್ ಪೋಸ್ಟಿನಲ್ಲಿ, ಅದರದೇ ಪ್ರತಿ ಈಮೇಲಿನಲ್ಲಿ. ಕೋಪದ ಮಾತು ಒಂದೂ ಇರಲಿಲ್ಲ. ಕಾರಿನ ನಂಬರು, ಕೊಂಡ ತಾರೀಖು, ಓಡಿದ ದೂರ, ಮೊದಲು ದೂರಿತ್ತ ದಿನದ ಜಾಬ್ ಕಾರ್ಡಿನ ಸಂಖ್ಯೆ ಇವಿಷ್ಟನ್ನು ಹೇಳಿ ಮುಂದಕ್ಕೆ ಹೀಗೆ ಬರೆದೆವು: "ತಮ್ಮ ಕೈಪಿಡಿಯ ಪ್ರಕಾರ ಮೇರೆಯು ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್. ಎಣ್ಣೆಯನ್ನು ತೂಗಿ ತುಂಬಿ, ಮುದ್ರೆ ಹಾಕಿ, ಸಾವಿರ ಕಿಲೋಮೀಟರಿನ ತರುವಾಯ ಇಳಿಸಿ ತೂಗಿ, ಎರಡು ತೂಕಗಳನ್ನೂ ಜಾಬ್ ಕಾರ್ಡಿನಲ್ಲಿ ನಮೂದಿಸಬೇಕಾಗಿ ವಿನಂತಿ. ಮೇರೆ ಮೀರಿದ್ದರೆ ವಾರಂಟಿಯಂತೆ ದುರಸ್ತು ಮಾಡಿಕೊಡಬೇಕು. ಈ ದೂರು ವಾರಂಟಿಯ ಅವಧಿಯೊಳಗೇ ಸಲ್ಲಿಸಲ್ಪಟ್ಟಿರುವುದನ್ನು ಗಮನಿಸಬೇಕು." ಕಡೆಯ ವಾಕ್ಯವೇ ಮುಖ್ಯವಾದುದು. ರಿಪೇರಿಯ ದಿನವು ಅವಧಿ ದಾಟಿ ಹೋದರೂ ದೂರಿನ ದಿನ ದಾಟಿರಬಾರದು. ಬಾಯಿಮಾತಿನ ದೂರಿಗೆ ತಾರೀಖಿಲ್ಲ.

ಒಂಬತ್ತನೆಯ ದಿನ ಕಂಪನಿಯಿಂದ ಉತ್ತರ ಬಂದಿತು. ಡೀಲರನ ಧ್ವನಿಯೂ ಬದಲಾಯಿತು. ಹಳೆಯ ಎಣ್ಣೆಯನ್ನು ಪೂರ್ತಿಯಾಗಿ ಬಸಿದು, ಹೊಸ ಫಿಲ್ಟರು ಹಾಕಿ, ೨,೯೭೫ ಗ್ರಾಂ ಎಣ್ಣೆ ತುಂಬಿದರು. ತಳದ ಬೋಲ್ಟಿಗೂ ಫಿಲ್ಟರಿಗೂ ಮೇಲಿನ ಮುಚ್ಚಳಕ್ಕೂ ಬಣ್ಣದ ಗುರುತು ಹಾಕಿದರು. ಹತ್ತು ದಿನ ಕಾಲೇಜಿಗೆ ಹೋಗಿಬರುವುದರಲ್ಲಿಯೂ, ನಡುವೆ ಒಂದು ಭಾನುವಾರ ಹಗರಿಬೊಮ್ಮನಹಳ್ಳಿಯ ಮೇಲೆ ಹಡಗಲಿಯ ಬೀಗರ ಮನೆಗೆ ಹೋದುದರಲ್ಲಿಯೂ ಸಾವಿರ ಕಿಲೋಮೀಟರ್ ಮುಗಿಯಿತು. ಮೊದಲಿನಷ್ಟೇ ಹೊತ್ತು ಬಸಿದು ತೂಗಿದಾಗ ೨,೩೩೫ ಗ್ರಾಂ. ಕಳೆದುಹೋದದ್ದು ೬೪೦ ಗ್ರಾಂ. ಎಣ್ಣೆಯು ನೀರಿಗಿಂತ ಹಗುರ. ಲೀಟರಿಗೆ ಸುಮಾರು ೮೫೦ ಗ್ರಾಂ ತೂಗುವುದು. ಹಾಗಾಗಿ ಮುಕ್ಕಾಲು ಲೀಟರ್ ಉರಿದುಹೋಗಿದ್ದಿತು. 'ಸ್ವಲ್ಪ'ಕ್ಕೆ ಈಗ ಅಳತೆ ಬಂದಿತು.

ಆಮೇಲೂ ಒಂದು ಆಕ್ಷೇಪಣೆ ಬಾರದೆ ಇರಲಿಲ್ಲ. ದಾರಿಯಲ್ಲಿ ಹೊಯ್ದುಕೊಂಡ ಎಣ್ಣೆ ಯಾವುದೋ ಏನೋ ಎಂದರು. ಕೊಟ್ಟೂರಿನ ಅಂಗಡಿಯಲ್ಲಿ ಕೊಂಡ ಡಬ್ಬಿಗಳ ರಸೀದಿಯಲ್ಲಿ ಎಣ್ಣೆಯ ದರ್ಜೆಯೂ ತಾರೀಖೂ ಇದ್ದುವು. ಸರ್ವಿಸುಗಳೆಲ್ಲ ಕಾಲಕ್ಕೆ ಸರಿಯಾಗಿ ನಡೆದ ಬಿಲ್ಲುಗಳೂ ಇದ್ದುವು. ಆಕ್ಷೇಪಣೆ ಅಲ್ಲಿಗೆ ನಿಂತಿತು. ಎಂಜಿನ್ ಬಿಚ್ಚಿದಾಗ ಎಣ್ಣೆಯ ರಿಂಗುಗಳು ಮಸಿಯಲ್ಲಿ ಅಂಟಿಕೊಂಡಿದ್ದುವು. ಪಿಸ್ಟನ್ನುಗಳನ್ನೂ ರಿಂಗುಗಳನ್ನೂ ಹೊಸದಾಗಿ ಹಾಕಿದರು. ಸ್ವಂತ ಖರ್ಚಿನಲ್ಲಾದರೆ ೯೨,೦೦೦ ರೂಪಾಯಿ ಎಂದು ಮೊದಲು ಅಂದಾಜು ಕೊಟ್ಟಿದ್ದ ಕೆಲಸಕ್ಕೆ ಆಕೆ ಒಂದು ಕಾಸನ್ನೂ ತೆರಲಿಲ್ಲ. ಮೊದಲ ದೂರಿನಿಂದ ಏಳು ವಾರ ಹಿಡಿಯಿತು. ಅಷ್ಟು ದಿನ ಬಸ್ಸಿನಲ್ಲಿಯೂ ಸಹೋದ್ಯೋಗಿಗಳ ಗಾಡಿಯಲ್ಲಿಯೂ ಓಡಾಡಿದ ದಣಿವನ್ನು ಯಾವ ಜಾಬ್ ಕಾರ್ಡಿನಲ್ಲಿಯೂ ಬರೆಯಲಾಗದು.

ಇಂತಹ ವ್ಯಾಧಿಯು ಒಂದೂರಿನದಲ್ಲ. ಟೊಯೋಟಾ ಕಂಪನಿಯು ಅಮೆರಿಕದಲ್ಲಿ ಮಾರಿದ ೨.೪ ಲೀಟರಿನ ಕೆಲವು ಎಂಜಿನ್ನುಗಳು ಎಣ್ಣೆ ಕುಡಿಯುತ್ತಿವೆಯೆಂಬ ದೂರು ಬೆಳೆದು, ೨೦೧೫ರಲ್ಲಿ ಅವುಗಳ ವಾರಂಟಿಯನ್ನು ಹಿಗ್ಗಿಸಿ ಪಿಸ್ಟನ್ ಮತ್ತು ರಿಂಗು ಬದಲಿಸಿಕೊಟ್ಟಿತು. ಅಲ್ಲಿಯ ಅಳತೆಯನ್ನು ನಮ್ಮ ಲೆಕ್ಕಕ್ಕೆ ತಂದರೆ ಸಾವಿರ ಕಿಲೋಮೀಟರಿಗೆ ಹೆಚ್ಚುಕಡಿಮೆ ಅರ್ಧ ಲೀಟರೇ ಆಗುವುದು. ಸುಬಾರು ಕಂಪನಿಯ ಮೇಲೆ ಅಲ್ಲಿನ ಕೊಂಡವರೆಲ್ಲ ಸೇರಿ ಹೂಡಿದ ವ್ಯಾಜ್ಯವು ೨೦೧೬ರಲ್ಲಿ ರಾಜಿಯಾಗಿ, ಎಂಟು ವರ್ಷ ಅಥವಾ ಒಂದು ಲಕ್ಷ ಮೈಲಿಯವರೆಗೆ ವಾರಂಟಿಯು ಬೆಳೆಯಿತು.

ಕಾಗದಕ್ಕೆ ಉತ್ತರವೇ ಬಾರದಿದ್ದರೆ ಮುಂದಿನ ದಾರಿ ಗ್ರಾಹಕ ಆಯೋಗ. ೧೯೮೬ರ ಗ್ರಾಹಕ ಸಂರಕ್ಷಣಾ ಶಾಸನದ ಸ್ಥಾನದಲ್ಲಿ ೨೦೧೯ರ ಶಾಸನವು ೨೦೨೦ನೆಯ ಜುಲೈ ೨೦ರಿಂದ ಜಾರಿಗೆ ಬಂದಿರುವುದು. ಹೊಸ ಶಾಸನದಲ್ಲಿ ನಮ್ಮಂತಹ ಊರಿನವರಿಗೆ ಒಂದು ದೊಡ್ಡ ಅನುಕೂಲವಾಗಿದೆ: ಡೀಲರನಿರುವ ಊರಿನಲ್ಲಿಯೇ ದಾವೆ ಹೂಡಬೇಕೆಂಬುದಿಲ್ಲ, ದೂರುದಾರನು ವಾಸಮಾಡುವ ಸ್ಥಳದ ವ್ಯಾಪ್ತಿಯ ಜಿಲ್ಲಾ ಆಯೋಗದಲ್ಲಿಯೂ ಹೂಡಬಹುದು. ಕೊಟ್ಟ ಬೆಲೆ ೫ ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ೧೦ ಲಕ್ಷದವರೆಗೆ ೨೦೦ ರೂಪಾಯಿ, ೨೦ ಲಕ್ಷದವರೆಗೆ ೪೦೦. ವ್ಯಾಜ್ಯಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೂಡತಕ್ಕದ್ದು. ವಕೀಲರಿಲ್ಲದೆ ತಾನೇ ವಾದಿಸಬಹುದು. ಪ್ರಯೋಗಶಾಲೆಯ ಪರೀಕ್ಷೆ ಬೇಕಾಗದ ದೂರು ಮೂರು ತಿಂಗಳಲ್ಲಿ, ಬೇಕಾದದ್ದು ಐದು ತಿಂಗಳಲ್ಲಿ ಮುಗಿಯಬೇಕೆಂದು ಶಾಸನವು ಹೇಳುವುದು. ಅಷ್ಟರಲ್ಲಿ ಮುಗಿದೇ ಮುಗಿಯುವುದೆಂದು ನಂಬಿ ಕೂಡುವುದು ಬೇಡ. ಅದಕ್ಕೂ ಮೊದಲು ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿ ದೂರು ದಾಖಲಿಸುವುದು ಲೇಸು. ಬಾಡಿಗೆಗೂ ವ್ಯಾಪಾರಕ್ಕೂ ಕೊಂಡ ವಾಹನದವರು ಮಾತ್ರ ಗ್ರಾಹಕರೆಂಬ ಹೆಸರಿಗೆ ಸಲ್ಲುವುದು ಕಷ್ಟ. ಜೀವನೋಪಾಯಕ್ಕಾಗಿ ತಾನೇ ನಡೆಸುವವನಿಗೆ ವಿನಾಯಿತಿಯುಂಟು.

ಆದರೆ "ಹಳೆಯ ಕಾರಿಗೆ ಹೊಸ ಕಾರು ಕೊಡಿಸಿರಿ" ಎಂದು ಹೋಗುವವರು ಸ್ವಲ್ಪ ನಿಲ್ಲಬೇಕು. ೨೦೦೬ರಲ್ಲಿ ಮಾರುತಿ ಕಂಪನಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೆಟ್ಟ ಭಾಗವನ್ನು ಸರಿಪಡಿಸುವೆನೆಂಬ ವಾರಂಟಿಯಿಂದ ಇಡೀ ಕಾರನ್ನೇ ಬದಲಿಸಿಕೊಡಬೇಕೆಂಬ ಹಕ್ಕು ಹುಟ್ಟದೆಂದು ತೀರ್ಪಿತ್ತಿತು. ೨೦೧೦ರಲ್ಲಿ, ಎಂಜಿನ್ನಿನ ಸದ್ದಿನ ವಿಷಯವಾಗಿ ಬಂದ ಫಿಯಟ್ ಸಿಯೆನಾ ಕಾರಿನ ವ್ಯಾಜ್ಯದಲ್ಲಿ, ತಟಸ್ಥನಾದ ತಜ್ಞನು ಪರೀಕ್ಷಿಸಿ ತಯಾರಿಕೆಯಲ್ಲೇ ದೋಷವಿದೆಯೆಂದರೆ ಮಾತ್ರ ಬೆಲೆಯನ್ನು ನೂರಕ್ಕೆ ೧೨ರ ಬಡ್ಡಿಯೊಡನೆ ಹಿಂದಿರುಗಿಸಬೇಕೆಂದಿತು. ಅಲ್ಲಿಯೂ ಕಡೆಗೆ ಕೇಳುವುದು ಅಳತೆಯನ್ನೂ ತಜ್ಞನ ಬರೆಹವನ್ನೂ.

ಗಾಡಿಯನ್ನು ಬಿಡಿಸಿಕೊಳ್ಳುವ ದಿನ ಹುಡುಗಿ ಹಳೆಯ ರಿಂಗುಗಳನ್ನು ಕೇಳಿದಳು. ವಾರಂಟಿಯಲ್ಲಿ ತೆಗೆದ ಭಾಗಗಳನ್ನು ಕಂಪನಿಗೆ ಕಳುಹಿಸಬೇಕೆಂದರು. ಫೋಟೋ ತೆಗೆದುಕೊಳ್ಳುವುದಕ್ಕೆ ಅಡ್ಡಿ ಮಾಡಲಿಲ್ಲ. ಹೊಸದಾಗಿ ಹಾಕಿದ ಭಾಗಗಳಿಗೆ ಎಂದಿನವರೆಗೆ ಹೊಣೆ ಎಂಬುದನ್ನೂ, ಸಾವಿರ ಕಿಲೋಮೀಟರಿನ ಮೇಲೆ ಮತ್ತೊಮ್ಮೆ ಎಣ್ಣೆಯ ಮಟ್ಟ ನೋಡಿಕೊಡತಕ್ಕದ್ದೆಂಬುದನ್ನೂ ಆಕೆ ಜಾಬ್ ಕಾರ್ಡಿನಲ್ಲಿ ಬರೆಯಿಸಿ ಮೊಹರು ಹಾಕಿಸಿಕೊಂಡಳು. ಅಲ್ಲಿಂದೀಚೆಗೆ ಮೂರು ಸಾವಿರ ಕಿಲೋಮೀಟರ್ ಆಗಿದೆ. ಕಡ್ಡಿಯ ಮೇಲಿನ ಮಟ್ಟವು ಗೋಧಿಯ ಕಾಳಿನಷ್ಟು ಇಳಿದಿರಬಹುದು. ಭಾನುವಾರ ಬೆಳಗ್ಗೆ ಅದನ್ನು ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸವನ್ನು ಆಕೆಯ ಹತ್ತು ವರ್ಷದ ಮಗನು ವಹಿಸಿಕೊಂಡಿರುವನು.