ಸುಣ್ಣಕಲ್ಲು, ಸೀರೆ ಮತ್ತು ಲಂಬ ಏಕೀಕರಣ

ಕಚ್ಚಾವಸ್ತುವಿನಿಂದ ಮಾರಾಟದವರೆಗಿನ ಹಂತಗಳನ್ನು ಒಂದೇ ಕಂಪನಿ ತನ್ನ ಕೈಯಲ್ಲಿಟ್ಟುಕೊಳ್ಳುವುದನ್ನು ಲಂಬ ಏಕೀಕರಣ ಎನ್ನುತ್ತಾರೆ. ವ್ಯಾಪಾರದ ಮಾತಾದರೂ ಇದರ ಹಿಂದೆ ತೂಕದ ಲೆಕ್ಕವೊಂದಿದೆ.

ಬಾಗಲಕೋಟೆ ಜಿಲ್ಲೆಯ ಮುದ್ದಾಪುರದ ಜೆ.ಕೆ. ಸಿಮೆಂಟ್ ಕಾರ್ಖಾನೆಯನ್ನು ಗಮನಿಸಿ. 100 ಕಿಲೋಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟನ್ನು ಸುಟ್ಟರೆ ಉಳಿಯುವ ಸುಣ್ಣ 56 ಕಿಲೋಗ್ರಾಂ ಮಾತ್ರ. ಉಳಿದ 44 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಗಾಳಿಗೆ ಹೋಗುವುದಕ್ಕೆ ಲಾರಿ ಬಾಡಿಗೆ ತೆರುವವರುಂಟೆ? ಒಂದು ಟನ್ ಕ್ಲಿಂಕರಿಗೆ ಸುಮಾರು 1.5 ಟನ್ ಸುಣ್ಣಕಲ್ಲು ಬೇಕು. ಆದ್ದರಿಂದಲೇ ಕಾರ್ಖಾನೆ ಗಣಿಯ ಬಳಿಯೇ ನಿಲ್ಲುತ್ತದೆ. ಗಣಿಯ ಗುತ್ತಿಗೆಯೂ ಅದೇ ಕಂಪನಿಯದು. ಗಣಿ ಬೇರೆಯವರದಾಗಿದ್ದು ಅವರು ದರ ಏರಿಸಿದರೆ, ಕೋಟ್ಯಂತರ ರೂಪಾಯಿಯ ಕುಲುಮೆಯನ್ನು ಹೊತ್ತೊಯ್ಯಲಾದೀತೆ?

ಅದೇ ಜಿಲ್ಲೆಯ ಇಳಕಲ್ಲಿನಲ್ಲಿ ಲೆಕ್ಕ ಬೇರೆ. ನೂಲು ಹಗುರ, ಬೆಲೆ ಹೆಚ್ಚು. ದೂರದಿಂದ ತರಿಸಿದರೂ ಸಾಗಣೆ ಖರ್ಚು ಹೊರೆಯಾಗದು. ಹತ್ತಿಯ ಹೊಲವಾಗಲಿ ರೇಷ್ಮೆ ಸಾಕಣೆಯಾಗಲಿ ನೇಕಾರನಿಗೆ ಬೇಕಿಲ್ಲ. ಆದರೆ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವ ಕೆಲಸ ಮಗ್ಗವನ್ನು ಬಿಟ್ಟು ನಡೆಯದು. ವಿಚಿತ್ರವೆಂದರೆ, ನೂಲು ಕೊಟ್ಟವರೇ ಸೀರೆ ಒಯ್ಯುವ ಪದ್ಧತಿಯಲ್ಲಿ ಏಕೀಕರಣ ಇದ್ದೇ ಇದೆ: ಎರಡೂ ತುದಿಗಳು ಸಾಹುಕಾರರ ಕೈಯಲ್ಲಿ, ಈ ಕೌಶಲ ಮಾತ್ರ ಕೂಲಿಯ ಲೆಕ್ಕದಲ್ಲಿ. ನೇಕಾರರ ಸಹಕಾರ ಸಂಘ ಹಿಡಿಯಬೇಕಾದದ್ದು ನೂಲು ಖರೀದಿ ಹಾಗೂ ಸೀರೆ ಮಾರಾಟ ಎಂಬ ಆ ಎರಡು ತುದಿಗಳನ್ನೇ.