ಐವರಿಗೆ ಒಂದೇ ಟಿಕೆಟ್: ಮ್ಯೂನಿಕ್‌ನಲ್ಲಿ ವಾರಾಂತ್ಯ, ರೈಲು ಮತ್ತು ಗೆಳೆತನ

ಕೆಲಸಕ್ಕೋ ಓದಿಗೋ ಜರ್ಮನಿಯ ಮ್ಯೂನಿಕ್‌ಗೆ ಬಂದವರಿಗೆ ಮೊದಮೊದಲು ಭಾರವಾಗುವುದು ಭಾನುವಾರ. ಶನಿವಾರ ರಾತ್ರಿ ಎಂಟಕ್ಕೆ ಮುಚ್ಚಿದ ಅಂಗಡಿಗಳು ಮತ್ತೆ ತೆರೆಯುವುದು ಸೋಮವಾರವೇ. ಹೇಳದೆ ಕೇಳದೆ ಪರಿಚಿತರ ಮನೆಗೆ ಹೋಗಿ ಕಾಫಿ ಕುಡಿದು ಬರುವ ರೂಢಿಯೂ ಇಲ್ಲಿಲ್ಲ. ಭೇಟಿ ಎಂದರೆ ಮೊದಲೇ ಗೊತ್ತು ಮಾಡಿಕೊಂಡ ದಿನ, ಗೊತ್ತು ಮಾಡಿಕೊಂಡ ಹೊತ್ತು. ಆದ್ದರಿಂದ ಸ್ನೇಹ ಬೆಳೆಯಲು ಒಂದು ನೆಪ ಬೇಕು. ಆ ನೆಪವನ್ನು ಅಗ್ಗವಾಗಿ ಒದಗಿಸುವುದು ಇಲ್ಲಿನ ಪ್ರಾದೇಶಿಕ ರೈಲು.

ಯಾವ ಟಿಕೆಟ್ ಯಾರಿಗೆ?

ಮೊದಲನೆಯದು ಡಾಯ್ಚ್‌ಲಾಂಡ್ ಟಿಕೆಟ್. 2023ರ ಮೇ 1ರಂದು ತಿಂಗಳಿಗೆ 49 ಯೂರೊ ದರದಲ್ಲಿ ಶುರುವಾದ ಇದು 2025ರಲ್ಲಿ 58 ಯೂರೊ ಆಯಿತು, 2026ರ ಜನವರಿಯಿಂದ 63 ಯೂರೊ. ದೇಶದ ಯಾವ ಊರಿನಲ್ಲಾದರೂ ಬಸ್, ಟ್ರಾಮ್, ಮೆಟ್ರೊ, ಪ್ರಾದೇಶಿಕ ರೈಲು ಹತ್ತಬಹುದು. ಐಸಿಇ, ಐಸಿಯಂತಹ ದೂರದ ವೇಗದ ರೈಲುಗಳಿಗೆ ಮಾತ್ರ ನಡೆಯುವುದಿಲ್ಲ. ಇದು ತಾನಾಗಿಯೇ ಮುಂದುವರಿಯುವ ಚಂದಾ. ಬೇಡವೆಂದರೆ ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು, ಇಲ್ಲವಾದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ. ಟಿಕೆಟ್ ನಿಮ್ಮ ಹೆಸರಿಗಷ್ಟೇ ಸಲ್ಲುವುದರಿಂದ ಗುರುತಿನ ಚೀಟಿ ಜೊತೆಗಿರಲಿ.

ಎರಡನೆಯದು ಬಯರ್ನ್ ಟಿಕೆಟ್, ಬವೇರಿಯಾ ರಾಜ್ಯಕ್ಕೆ ಒಂದು ದಿನದ ರಹದಾರಿ. ಒಬ್ಬರಿಂದ ಐವರವರೆಗೆ ಒಂದೇ ಟಿಕೆಟ್. ಮೊದಲನೆಯವರಿಗೆ ಪೂರ್ತಿ ದರ, ನಂತರದ ಪ್ರತಿಯೊಬ್ಬರಿಗೂ ಸಣ್ಣ ಮೊತ್ತ. ಹೀಗಾಗಿ ಜನ ಹೆಚ್ಚಿದಷ್ಟೂ ತಲೆಗೆ ಬೀಳುವ ಖರ್ಚು ಇಳಿಯುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಒಂಬತ್ತರ ನಂತರವೇ ಇದು ಚಾಲ್ತಿ. ಶನಿವಾರ, ಭಾನುವಾರ ಮಧ್ಯರಾತ್ರಿಯಿಂದಲೇ ಶುರುವಾಗಿ ಮರುದಿನ ಬೆಳಗಿನ ಜಾವ ಮೂರರವರೆಗೂ ನಡೆಯುತ್ತದೆ. ಎಷ್ಟು ಜನ ಎಂಬುದನ್ನು ಕೊಳ್ಳುವಾಗಲೇ ಹೇಳಬೇಕು, ಹೊರಡುವ ಮುನ್ನ ಹೆಸರು ಬರೆಯಬೇಕು. ದಾರಿಯಲ್ಲಿ ಹೊಸಬರನ್ನು ಅದೇ ಟಿಕೆಟ್‌ಗೆ ಸೇರಿಸಿಕೊಳ್ಳುವಂತಿಲ್ಲ.

ಗುಂಪಿನಲ್ಲಿ ಹೊರಡುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಯಾರ ಬಳಿ ಡಾಯ್ಚ್‌ಲಾಂಡ್ ಟಿಕೆಟ್ ಇದೆ ಎಂಬುದು. ಕಚೇರಿಯ ಮೂಲಕ ಅದನ್ನು ಪಡೆದವರು ಅನೇಕರಿರುತ್ತಾರೆ. ಉಳಿದವರ ಲೆಕ್ಕಕ್ಕಷ್ಟೇ ಬಯರ್ನ್ ಟಿಕೆಟ್ ಕೊಂಡರೆ ಸಾಕು.

ಹತ್ತುವ ಮುನ್ನ ಎಚ್ಚರ

ನಿಲ್ದಾಣದಲ್ಲಿ ಗೇಟು ಇರುವುದಿಲ್ಲ, ಆದರೆ ರೈಲಿನೊಳಗೆ ತಪಾಸಣೆ ಉಂಟು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಕನಿಷ್ಠ 60 ಯೂರೊ ದಂಡ.

ಹೊಸಬರು ಎಡವುವುದು ನಡುದಾರಿಯಲ್ಲಿ ಕವಲೊಡೆಯುವ ರೈಲುಗಳಲ್ಲಿ. ಮ್ಯೂನಿಕ್‌ನಿಂದ ಆಲ್ಪ್ಸ್ ತಪ್ಪಲಿಗೆ ಹೊರಡುವ ಒಂದೇ ರೈಲು ಹೋಲ್ಸ್‌ಕಿರ್ಶೆನ್‌ನಲ್ಲಿ ಬಿಡಿಯಾಗಿ ಒಂದು ಭಾಗ ಬೈರಿಷ್‌ಝೆಲ್‌ಗೆ ಹೋಗುತ್ತದೆ. ಉಳಿದದ್ದು ಶಾಫ್ಟ್‌ಲಾಖ್‌ನಲ್ಲಿ ಮತ್ತೆ ಎರಡಾಗಿ ಟೇಗರ್ನ್‌ಝೇ, ಲೆಂಗ್ರೀಸ್‌ಗಳ ದಾರಿ ಹಿಡಿಯುತ್ತದೆ. ಬೋಗಿಯ ಮೇಲಿನ ಫಲಕ ಓದಿಯೇ ಹತ್ತಿ. ತಡವಾಗಿ ಓಡಿ ಬಂದವರನ್ನು ಸಿಕ್ಕ ಬೋಗಿಗೆ ಹತ್ತಿಸಿದ್ದರೆ, ಕವಲಿನ ನಿಲ್ದಾಣಕ್ಕೆ ಮುಂಚೆ ಎಲ್ಲರೂ ಸರಿಯಾದ ಭಾಗದಲ್ಲಿ ಸೇರಿಕೊಳ್ಳಬೇಕು.

ಹಳಿ ದುರಸ್ತಿ ನಡೆಯುವಾಗ ರೈಲಿನ ಬದಲು ಬಸ್ ಓಡಿಸುತ್ತಾರೆ. ಹೊರಡುವ ಹಿಂದಿನ ರಾತ್ರಿ ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ಒಮ್ಮೆ ನೋಡಿ. ಊಟದ ಬುತ್ತಿ ಶನಿವಾರವೇ ಸಿದ್ಧವಾಗಲಿ. ಭಾನುವಾರ ನೆನಪಾದರೆ ದೊಡ್ಡ ರೈಲು ನಿಲ್ದಾಣದ ಅಂಗಡಿಗಳೇ ಗತಿ.

ಎರಡೂ ಟಿಕೆಟ್‌ಗಳು ಗಡಿಯಾಚೆಯ ಆಸ್ಟ್ರಿಯಾದ ಜಾಲ್ಸ್‌ಬುರ್ಗ್ ನಗರದವರೆಗೆ ನಡೆಯುತ್ತವೆ. ಮರಳುವಾಗ ಜರ್ಮನ್ ಪೊಲೀಸರು ರೈಲಿನಲ್ಲಿ ದಾಖಲೆ ಕೇಳುವುದುಂಟು. ಭಾರತೀಯರು ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿಯ ಕಾರ್ಡ್ ಎರಡನ್ನೂ ಒಯ್ಯಲೇಬೇಕು, ಮೊಬೈಲಿನಲ್ಲಿರುವ ಫೋಟೊ ಸಾಲದು.

ಯಾರನ್ನು ಕರೆಯುವುದು?

ಯುಗಾದಿ, ರಾಜ್ಯೋತ್ಸವಗಳಿಗೆ ಕೂಡುವ ಕನ್ನಡಿಗರ ಬಳಗ ಮ್ಯೂನಿಕ್‌ನಲ್ಲಿದೆ, ಅಲ್ಲಿ ಜೊತೆಗಾರರು ಬೇಗ ಸಿಗುತ್ತಾರೆ. ಅಷ್ಟಕ್ಕೇ ನಿಲ್ಲಬೇಡಿ. 1869ರಲ್ಲಿ ಇದೇ ನಗರದಲ್ಲಿ ಹುಟ್ಟಿದ ಜರ್ಮನ್ ಆಲ್ಪೈನ್ ಕ್ಲಬ್‌ನ ಶಾಖೆಗಳು ಸದಸ್ಯರಿಗಾಗಿ ಗುಂಪು ಚಾರಣ ನಡೆಸುತ್ತವೆ. ಭಾಷಾ ತರಗತಿಯ ಸಹಪಾಠಿಗಳಿಗೂ ನಿಮ್ಮಷ್ಟೇ ಜೊತೆ ಬೇಕಾಗಿರುತ್ತದೆ.

ಮನೆಗೆ ಊಟಕ್ಕೆ ಬರಲು ಹಿಂಜರಿಯುವ ಸಹೋದ್ಯೋಗಿಯೂ ಐವರ ಟಿಕೆಟ್‌ನಲ್ಲಿ ಒಂದು ಜಾಗ ಖಾಲಿ ಇದೆ ಎಂದರೆ ಒಪ್ಪಿಕೊಳ್ಳುವುದು ಸುಲಭ. ಯಾರೂ ಯಾರಿಗೂ ಅತಿಥಿಗಳಲ್ಲ, ಖರ್ಚು ಸಮಪಾಲು. ಊರೂರಿಗೂ ನಿಲ್ಲುವ ರೈಲು ನಿಧಾನ ನಿಜ, ಆದರೆ ಆಲ್ಪ್ಸ್ ತಪ್ಪಲಿನ ಫ್ಯೂಸೆನ್ ಪಟ್ಟಣದವರೆಗಿನ ಸುಮಾರು ಎರಡು ಗಂಟೆ ಮಾತಿಗೆ ಸಿಗುವ ಎರಡು ಗಂಟೆಯೂ ಹೌದು.

ಆಹ್ವಾನವನ್ನು ಹೊರಡುವ ಹಿಂದಿನ ದಿನ ಕೊಡಬೇಡಿ. ಇಲ್ಲಿನವರ ವಾರಾಂತ್ಯಗಳು ವಾರಗಳ ಮುಂಚೆಯೇ ತುಂಬಿರುತ್ತವೆ. ಎರಡು ಮೂರು ವಾರ ಮೊದಲು ಕೇಳಿ. ಹೊರಡುವ ರೈಲು, ಪ್ಲಾಟ್‌ಫಾರ್ಮ್, ಮರಳುವ ಹೊತ್ತು ಬರೆದು ಕಳಿಸಿ. ಮರಳುವಾಗ ಎಲ್ಲರೂ ಜೊತೆಗಿರುವಾಗಲೇ ಮುಂದಿನ ಪ್ರವಾಸದ ದಿನ ಗೊತ್ತು ಮಾಡಿಬಿಡಿ. ಪರಿಚಯ ಗೆಳೆತನವಾಗುವುದು ಎರಡನೆಯ ಪ್ರವಾಸದಿಂದ.