ಬೀಗದ ಕೋಣೆಯೂ ಕಲ್ಯಾಣದ ದಾರಿಯೂ

ಇಂಗ್ಲಿಷ್ ಕಲಿತ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ‘ಜೇನ್ ಐರ್’ ಕಾದಂಬರಿಯನ್ನು ಬಲ್ಲರು. ಪಾದ್ರಿಯ ಮಗಳಾದ ಶಾರ್ಲಟ್ ಬ್ರಾಂಟೆ 1847ರಲ್ಲಿ ಪ್ರಕಟಿಸಿದ ಆ ಕಥೆಯಲ್ಲಿ ರಾಚೆಸ್ಟರನ ಹೆಂಡತಿ ಬರ್ಥಾ ಹುಚ್ಚಿಯೆಂದು ಮನೆಯ ಮೂರನೆಯ ಅಂತಸ್ತಿನಲ್ಲಿ ಬೀಗದೊಳಗಿರುವಳು. ಅವಳ ಕೂಗು ಓದುವವರಿಗೆ ಕೇಳಿಸುವದು. ಅವಳ ವೃತ್ತಾಂತವನ್ನು ಹೇಳುವವನು ಮಾತ್ರ ಗಂಡನೇ. ಈ ಕೊರತೆಯನ್ನು ಕಂಡು ಜೀನ್ ರೀಸ್ ಎಂಬ ಲೇಖಕಿ 1966ರಲ್ಲಿ ‘ವೈಡ್ ಸರ್ಗಾಸೊ ಸೀ’ ಬರೆದು, ಆ ಹೆಂಗಸಿನ ಬಾಲ್ಯವನ್ನೂ ಸೆರೆವಾಸವನ್ನೂ ಅವಳ ಬಾಯಿಂದಲೇ ಹೇಳಿಸಿದಳು.

ಇದು ಬರಿಯ ಕಲ್ಪನೆಯಲ್ಲ. ಇಂಗ್ಲೆಂಡಿನ 1845ರ ಕಾಯಿದೆಯ ಮೇರೆಗೆ ಮನೆಯವರ ಒಂದು ಬರಹ, ಇಬ್ಬರು ವೈದ್ಯರ ಸಹಿ, ಇಷ್ಟಿದ್ದರೆ ಹಣವುಳ್ಳವರು ತಮ್ಮ ಹೆಂಗಸನ್ನು ಹುಚ್ಚರ ಆಸ್ಪತ್ರೆಗೆ ಸೇರಿಸಬಹುದಾಗಿತ್ತು. ನ್ಯಾಯಾಧಿಕಾರಿಯ ಅಪ್ಪಣೆ ಬೇಕೆಂಬ ನಿಯಮವು ಬಂದದ್ದು 1890ರಲ್ಲಿ.

ನಮ್ಮ ಸೀಮೆಯಲ್ಲಿ ಈ ಮಾತು ಬಂದಾಗ ಹನ್ನೆರಡನೆಯ ಶತಮಾನದ ಮಹಾದೇವಿಯಕ್ಕನ ನೆನಪಾಗದಿರದು. ಉಡುತಡಿಯ ಆಕೆಗೆ ಅರಸನಾದ ಕೌಶಿಕನೊಡನೆ ಮದುವೆಯಾಯಿತೆಂದು ಹರಿಹರನೂ, ಆಗಲಿಲ್ಲವೆಂದು ಚಾಮರಸನೂ ಹೇಳುವರು. ಮದುವೆಯಾಗಿ ಬಿಟ್ಟುಬಂದ ಭಕ್ತೆಯನ್ನು ಒಪ್ಪಲು ಮುಂದಿನವರಿಗೆ ಸಂಕೋಚವಾಯಿತೇನೋ ಎಂದು ನಮಗೆ ತೋರುವದು. ಹರಿಹರನ ಪ್ರಕಾರ ಆಕೆ ಷರತ್ತುಗಳನ್ನು ವಿಧಿಸಿ ಅರಮನೆಯನ್ನು ಸೇರಿದಳು. ಅರಸನು ಅವುಗಳನ್ನು ಮೀರಲಾಗಿ ಉಟ್ಟ ಬಟ್ಟೆಯನ್ನೂ ತೊರೆದು ಹೊರಟಳು. ಎಚ್. ತಿಪ್ಪೇರುದ್ರಸ್ವಾಮಿಯವರ ‘ಕದಳಿಯ ಕರ್ಪೂರ’ವು ಆಕೆಯ ಬಾಳನ್ನೇ ಕುರಿತ ಕಾದಂಬರಿ.

ಆಕೆ ನಡೆದು ಬಂದದ್ದು ಇದೇ ಕಲ್ಯಾಣಕ್ಕೆ. ನಿನ್ನ ಗಂಡನಾರೆಂದು ಅಲ್ಲಮಪ್ರಭು ಆಕೆಯನ್ನು ಕೇಳಿದುದು ಶೂನ್ಯಸಂಪಾದನೆಯಲ್ಲಿ ಬಂದಿದೆ. ಬಟ್ಟೆಯನ್ನು ಬಿಟ್ಟವಳು ಕೂದಲಿನಿಂದ ಮೈಯನ್ನೇಕೆ ಮರೆಮಾಡಿಕೊಂಡೆ ಎಂದೂ ಕೇಳುವನು. ಪ್ರಶ್ನೆಗಳು ನಿಷ್ಠುರವೇ ಸರಿ. ಆದರೂ ಉತ್ತರ ಕೊಟ್ಟವಳು ಆಕೆಯೇ; ಗಂಡನಲ್ಲ, ವೈದ್ಯನಲ್ಲ. ಶರಣರು ಕಡೆಯವರೆಗೆ ಕೇಳಿ ಒಪ್ಪಿಕೊಂಡರು. ಬರ್ಥಾಳಿಗೆ ದೊರೆಯದೆ ಹೋದದ್ದು ಇದೇ. ಅಕ್ಕನ ಹೆಸರಿನ ಗವಿಯನ್ನು ಬಸವಕಲ್ಯಾಣದಲ್ಲಿ ಇಂದಿಗೂ ತೋರಿಸುವರು.

ತಾಯಿತಂದೆಗಳು ಓದತಕ್ಕ ಇನ್ನೊಂದು ಕಾದಂಬರಿಯುಂಟು, ತ್ರಿವೇಣಿಯವರ ‘ಶರಪಂಜರ’. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿಸಿದರು. ಅದರ ಕಾವೇರಿಯ ಕೋಣೆಗೆ ಬೀಗವಿಲ್ಲ. ಹೆರಿಗೆಯ ತರುವಾಯ ಮನಸ್ಸು ಕದಡಿ, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುವಳು. ಆದರೆ ಅವಳು ನಕ್ಕರೂ ಅತ್ತರೂ ಸುತ್ತಲಿನವರು ಹುಚ್ಚಿನ ಗುರುತನ್ನೇ ಕಾಣುವರು. ಕಡೆಗೆ ಆ ಅಪನಂಬಿಕೆಯೇ ಅವಳನ್ನು ಕೆಡಿಸುವದು.

ಮಗಳನ್ನು ಕೊಟ್ಟ ಮನೆಯವರಿಗೆ ಒಂದು ಸಂಗತಿ ತಿಳಿದಿರತಕ್ಕದ್ದು. ಭಾರತದ 2017ರ ಮಾನಸಿಕ ಆರೋಗ್ಯ ಕಾಯಿದೆಯ ಮೇರೆಗೆ, ಕಾಯಿಲೆ ಬಿದ್ದಾಗ ತನ್ನ ಪರವಾಗಿ ನಿಲ್ಲತಕ್ಕವರನ್ನು ಪ್ರಾಯಕ್ಕೆ ಬಂದ ಹೆಂಗಸು ತಾನೇ ಮುಂಚಿತವಾಗಿ ಬರೆದು ನೇಮಿಸಬಹುದು. ಅವರು ಗಂಡನೇ ಆಗಿರಬೇಕೆಂದಿಲ್ಲ.